ಕಾಂತೇಶನ ಹೊಸ ಪಿಕಪ್

ನಾರಾಯಣಪೇಟೆಯ ಆ ನೇಕಾರರ ಓಣಿಯಲ್ಲಿ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿದ್ದರೆ ಕಾಂತೇಶನ ಮಾನ ಹೀಗೆ ಬೀದಿಪಾಲಾಗುತ್ತಿರಲಿಲ್ಲ. ಆ ಓಣಿಯವರು ಫೋನಿನಲ್ಲಿ ಮಾತಾಡಬೇಕೆಂದರೆ ಹೊರಗೆ ಬರಬೇಕು, ಬೇವಿನ ಮರದ ಕಟ್ಟೆ ಹತ್ತಬೇಕು, ಒಂದು ಕಿವಿ ಮುಚ್ಚಿಕೊಂಡು ಊರಿಗೆಲ್ಲ ಕೇಳುವಂತೆ ಕಿರುಚಬೇಕು. ಗಂಡ ಹೆಂಡತಿಯ ಮಾತು, ಬೀಗರ ಮಾತು, ಆಸ್ಪತ್ರೆಯ ಮಾತು ಎಲ್ಲವೂ ಆ ಕಟ್ಟೆಯ ಮೇಲೇ. ಇಂಥ ವ್ಯವಸ್ಥೆ ಮಾಡಿದವರಿಗೆ ಏನನ್ನಬೇಕೋ ನೀವೇ ಹೇಳಿ!

ಅವತ್ತು ತೆಲಂಗಾಣ ರಾಜ್ಯ ಹುಟ್ಟಿದ ದಿನ. ಬೆಳಗಾಗುವುದಕ್ಕೆ ಮೊದಲೇ ಪಟಾಕಿ ಶುರುವಾಗಿತ್ತು. ಊರಿನ ಜೀಪು, ಟ್ರ್ಯಾಕ್ಟರು, ಆಟೋ ಎಲ್ಲ ಮೆರವಣಿಗೆಗೆ ಹೋಗಿದ್ದವು. ಬಸ್ಸುಗಳು ಬರುವುದೂ ಗೊತ್ತಿಲ್ಲ, ಹೋಗುವುದೂ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಕಟ್ಟೆಯ ಮೇಲಿದ್ದ ಕಾಂತೇಶನಿಗೆ ಗದ್ವಾಲದ ಸಾಯಣ್ಣನ ಫೋನು ಬಂತು. ಸಾಯಣ್ಣನದು ಟೆಂಟ್ ಹೌಸು, ಅದರ ಜೊತೆಗೊಂದು ಆರ್ಕೆಸ್ಟ್ರಾ. ಮದುವೆಗೆ ಶಾಮಿಯಾನ ಕೊಟ್ಟವರಿಗೆ ಹಾಡನ್ನೂ ಅವನೇ ಕೊಡುತ್ತಿದ್ದ. ಕಾಂತೇಶ ಅದರಲ್ಲಿ ಗಿಟಾರ್ ಬಾರಿಸುವವನು. ಉಳಿದ ದಿನಗಳಲ್ಲಿ ಸೀರೆ ಅಂಗಡಿಯ ಗುಮಾಸ್ತ.

"ಕಾಂತೇಶಾ, ಸಂಜಿಮುಂದ ಇಲ್ಲಿ ಕ್ವಾಟಿ ಮುಂದಿನ ಬಯಲಾಗ ಫಂಕ್ಷನ್ ಐತಿ. ನಮ್ಮ ಸಿಂಗರನ ಗಂಟಲು ಕೂತು ಹೋಗೈತಿ, ನಿನ್ನೆಯಿಂದ ಘೋಷಣೆ ಕೂಗಿ ಕೂಗಿ. ಒಂದು ಹಾಡಿನಷ್ಟು ಹೊತ್ತು ನೀ ಒಬ್ಬನೇ ಬಾರಿಸು. ಅದೇ, ಅಲಿ ಗಿಲಿ ಅಂತ ಹೇಳ್ತಿದ್ದಿಯಲ್ಲ, ಅದನ್ನ."

ಕಾಂತೇಶನಿಗೆ ಕಣ್ಣಲ್ಲಿ ನೀರೇ ಬಂತು. ಕಟ್ಟೆಯ ಮೇಲೆ ತುದಿಗಾಲಲ್ಲಿ ನಿಂತು ಕಿರುಚಿದ.

"ಬರ್ತೀನಣ್ಣಾ! ಹಳೇ ಪಿಕಪ್ ತಗದು ಒಗದೀನಿ! ಹೊಸಾ ಪಿಕಪ್ ಬಂದೈತಿ! ಹೈದರಾಬಾದಿಂದ ತರಿಸೀನಿ! ಹಾಂ, ಹೊಸಾದು, ಹೊಸಾದು! ಇವತ್ತ ಗದ್ವಾಲಕ್ಕ ತರ್ತೀನಿ, ನೋಡು ನೀನೇ!"

ಓಣಿಯಲ್ಲಿ ಟಕಟಕ ಅನ್ನುತ್ತಿದ್ದ ಮಗ್ಗಗಳು ಒಂದೊಂದಾಗಿ ನಿಂತವು. ಕಾಂತೇಶನಿಗೆ ಅದು ಕೇಳಿಸಲಿಲ್ಲ.

ಪಿಕಪ್ ಅಂದರೆ ಏನು ಅಂತ ಅವನು ಮೊದಲೇ ನಾಲ್ಕು ಜನರಿಗೆ ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಅವನು ಹೇಳಲಿಲ್ಲ, ನಾವಾದರೂ ಹೇಳೋಣ. ಎಲೆಕ್ಟ್ರಿಕ್ ಗಿಟಾರಿಗೆ ಟೊಳ್ಳು ಹೊಟ್ಟೆ ಇರುವುದಿಲ್ಲ, ಬರೀ ಹಲಗೆ. ತಂತಿಗಳ ಕೆಳಗೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದವಾದ ಒಂದು ತುಂಡು ಕೂತಿರುತ್ತದೆ. ಅದರೊಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆಯ ಸಾವಿರಾರು ಸುತ್ತು. ಮೇಲೆ ತಂತಿ ನಡುಗಿದರೆ ಇದು ಆ ನಡುಕವನ್ನು ಕರೆಂಟು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಅದೇ ಪಿಕಪ್. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಊರಲ್ಲಿ ಹುಡುಕಿದರೂ ಇದನ್ನು ಬಲ್ಲವರು ಕಾಂತೇಶ ಮತ್ತು ಮಕ್ತಲಿನ ಟಿವಿ ರಿಪೇರಿ ಎಂಕಪ್ಪ, ಇಬ್ಬರೇ. ಉಳಿದವರಿಗೆಲ್ಲ ಪಿಕಪ್ ಅಂದರೆ ನಾಲ್ಕು ಗಾಲಿಯ, ಹಿಂದೆ ಬಯಲಾಗಿರುವ, ಸಾಮಾನು ಹೇರುವ ಗಾಡಿ.

ಇನ್ನು ಅಲೆಯ ವಿಷಯ. ಒಮ್ಮೆ ರಾಯಚೂರಿನ ಫುಟ್‌ಪಾತಿನಲ್ಲಿ ಕಾಂತೇಶನಿಗೊಂದು ಕ್ಯಾಸೆಟ್ ಸಿಕ್ಕಿತ್ತು. ಹೆಸರಿದ್ದ ಕಾಗದ ಹರಿದು ಹೋಗಿತ್ತು. ಉಳಿದ ಚಿತ್ರದಲ್ಲಿ ಮನೆಯಷ್ಟು ಎತ್ತರದ ಸಮುದ್ರದ ಅಲೆ, ಅದರ ಮೇಲೆ ಹಲಗೆ ಹಾಕಿಕೊಂಡು ನಿಂತ ಒಬ್ಬ ಮನುಷ್ಯ. ಸರ್ಫ್ ಮ್ಯೂಸಿಕ್ ಅಂತಾರಂತೆ ಅದಕ್ಕೆ. ಹಾಡುವವರೇ ಇಲ್ಲ. ಬರೀ ಗಿಟಾರು ಓಡುತ್ತದೆ, ಏರುತ್ತದೆ, ಒಡೆದು ಚೆಲ್ಲುತ್ತದೆ, ಕೇಳಿದವರ ಮೈಗೆ ನೀರು ಸಿಡಿದ ಹಾಗಾಗುತ್ತದೆ. ಬೋರ್‌ವೆಲ್ ನೀರಿನಲ್ಲೇ ಬೆಳೆದು ಸಮುದ್ರವನ್ನೇ ಕಾಣದ ಕಾಂತೇಶ ಅವತ್ತಿನಿಂದ ಆ ಅಲೆಗೆ ಬಿದ್ದ. ಆದರೆ ಅವನ ಗಿಟಾರಿನ ಹಳೆ ಪಿಕಪ್ ಜೋಡಿ ಸುರುಳಿಯದು. ಅದರ ದನಿ ಕಂಬಳಿ ಹೊದ್ದು ಮಾತಾಡಿದ ಹಾಗೆ ದಪ್ಪ. ಅಲೆಗೆ ಬೇಕಾದದ್ದು ಒಂಟಿ ಸುರುಳಿ, ಗಟ್ಟಿ ಅಯಸ್ಕಾಂತ, ಕಡಿಮೆ ಸುತ್ತು. ಸುತ್ತು ಹೆಚ್ಚಾದರೆ ದನಿ ಮಂಕು, ಕಡಿಮೆಯಾದರೆ ದನಿ ಚುರುಕು. ಇಷ್ಟು ತಿಳಿದುಕೊಳ್ಳುವುದಕ್ಕೆ ಅವನು ಇಂಟರ್ನೆಟ್ ಅಂಗಡಿಯಲ್ಲಿ ಕೂತು ಕಣ್ಣು ಕೆಂಪು ಮಾಡಿಕೊಂಡಿದ್ದ. ಕಡೆಗೆ ಹೈದರಾಬಾದಿನಿಂದ ಒಂದನ್ನು ತರಿಸಿದರೆ ಅದರಲ್ಲೂ ಸುತ್ತು ಹೆಚ್ಚು. ಬಿಚ್ಚಿ ಬಿಚ್ಚಿ ಕಡಿಮೆ ಮಾಡುತ್ತಾ ಬಂದಿದ್ದ. ಅವತ್ತು ಬೆಳಿಗ್ಗೆ ಒಂದು ತುದಿಯನ್ನು ಬೆಸೆಯುವುದಷ್ಟೇ ಬಾಕಿ ಇತ್ತು.

ಅವನ ಆಸೆಯೇನು ದೊಡ್ಡದಲ್ಲ. ಆರ್ಕೆಸ್ಟ್ರಾದಲ್ಲಿ ಅವನು ಯಾವಾಗಲೂ ಸಿಂಗರನ ಬೆನ್ನ ಹಿಂದೆ. ಮದುವೆಗೆ ಬಂದವರು ಅವನು ಬಾರಿಸುತ್ತಿರುವಾಗಲೇ "ತಮ್ಮಾ, ತುಸು ಸರಿ, ಊಟದ ಪಂಕ್ತಿ ಕಾಣವಲ್ದು" ಅನ್ನುತ್ತಿದ್ದರು. ಒಮ್ಮೆಯಾದರೂ ತನ್ನ ಕೈ ಬಾರಿಸಿದ್ದನ್ನು ಜನ ಗದ್ದಲ ಮಾಡದೆ ಎದ್ದು ನಿಂತು ಕೇಳಬೇಕು. ಇದೊಂದೇ ಅವನು ದೇವರನ್ನು ಕೇಳಿಕೊಂಡದ್ದು. ಮನುಷ್ಯ ಇಷ್ಟೂ ಕೇಳಬಾರದೇ?

ಕಟ್ಟೆ ಇಳಿದು ಮನೆಗೆ ಬಂದು ಅವನು ಪಿಕಪ್ಪನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ. ಬಾಗಿಲಲ್ಲಿ "ಮ್ಯಾ" ಅಂತ ಸದ್ದಾಯಿತು. ಕುರಿಗಳ ಕುರುಮಯ್ಯ ಎರಡು ಟಗರು ಹಿಡಿದು ನಿಂತಿದ್ದ.

"ಕಾಂತೇಶಾ, ಇವೆರಡು ಗದ್ವಾಲದಾಗ ನಮ್ಮ ಬೀಗರ ಮನಿಗೆ ಮುಟ್ಟಿಸಿಬಿಡಪಾ. ಹಿಂದ ಕಟ್ಟಿದ್ರ ಸಾಕು, ಬಂಗಾರದಂಥವು, ತ್ರಾಸ ಕೊಡಂಗಿಲ್ಲ."

"ಯಾತರ ಹಿಂದ ಮಾವಾ?"

"ಹೊಸಾ ಪಿಕಪ್ಪಿನಾಗ."

ಕಾಂತೇಶ ಉತ್ತರ ಕೊಡುವುದರೊಳಗೆ ಎದುರು ಮನೆಯ ತಿರುಪತಮ್ಮ ಸೀರೆಗಳ ಗಂಟು ಹೊತ್ತು ಬಂದಳು. ಗದ್ವಾಲದ ಸಾವುಕಾರರ ಮನೆಗೆ ಅವತ್ತೇ ಮುಟ್ಟಬೇಕಾದ ಗಂಟದು. ಅವಳ ಹಿಂದೆ ಊರುಗೋಲು ಊರುತ್ತಾ ಉರುಕುಂದಮ್ಮಜ್ಜಿ. ಮಕ್ತಲಿನಲ್ಲಿ ಮೊಮ್ಮಗಳ ಮಗುವಿಗೆ ಅವತ್ತು ತೊಟ್ಟಿಲ ಶಾಸ್ತ್ರ. ಅಜ್ಜಿ ಕೂಡಲಿಲ್ಲ, ನಿಂತೇ ತೀರ್ಪು ಕೊಟ್ಟಳು.

"ಮುಂದಿನ ಸೀಟು ನಂದು. ಈಗೇ ಹೇಳೀನಿ. ಹಿಂದ ಕುಂತ್ರ ನನಗ ಸೊಂಟ ಹಿಡೀತೈತಿ."

"ಯವ್ವಾ, ಗಾಡಿ ಅಲ್ಲಬೇ ಅದು! ಗಿಟಾರಿನ ಸಾಮಾನು!" ಅಂದ ಕಾಂತೇಶ.

ಯಾರೂ ನಂಬಲಿಲ್ಲ. ಕಟ್ಟೆಯ ಮೇಲೆ ನಿಂತು ಹೊಸ ಪಿಕಪ್ ಬಂದಿದೆ, ಗದ್ವಾಲಕ್ಕೆ ತರುತ್ತೇನೆ ಎಂದು ಕಿರುಚಿದವನು, ಜನ ಸಾಮಾನು ತಂದ ಕೂಡಲೇ ಅದು ಗಾಡಿಯಲ್ಲ ಅಂದರೆ ನಂಬುವುದಾದರೂ ಹೇಗೆ? ಅವನ ಹೆಂಡತಿ ಭಾಗ್ಯಜ್ಯೋತಿ ರೊಟ್ಟಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಬಸವಣ್ಣನ ಆಣಿ ಮಾಡಿ ಹೇಳ್ತೀನ್ರಿ, ನಮ್ಮ ಮನಿಯವರ್ಹತ್ರ ಯಾವ ಗಾಡೀನೂ ಇಲ್ಲ! ನಾ ಅಂತೂ ಕಂಡಿಲ್ಲ, ಸೈಕಲ್ ಬಿಟ್ರ! ಬೆಳಿಗ್ಗಿ ಬೆಳಿಗ್ಗಿ ಟಗರು ತಂದು ಬಾಗಲದಾಗ ನಿಲ್ಲಸ್ತೀರಲ್ಲ, ನಾಚಿಕಿ ಆಗಂಗಿಲ್ಲೇನು?"

"ತೋರ್ಸು ಮತ್ತ, ಅದೇನು ಪಿಕಪ್ಪೋ," ಅಂದಳು ತಿರುಪತಮ್ಮ.

ಕಾಂತೇಶ ಅಂಗೈ ಚಾಚಿದ. ಮೂರು ತಲೆಗಳು ಬಗ್ಗಿದವು, ಒಂದು ಟಗರಿನ ತಲೆಯೂ ಬಗ್ಗಿತು. ಕುರುಮಯ್ಯನ ಮುಖ ಕೆಂಪಾಯಿತು.

"ಇದು ಪಿಕಪ್ಪು? ಇದರಾಗ ನನ್ನ ಟಗರು ಹೋಗ್ತಾವು? ಕೊಡಾಕ ಮನಸಿಲ್ಲಂದ್ರ ಇಲ್ಲನ್ನು. ಹಿರೇರ ಮುಂದ ಹಾಸ್ಯ ಮಾಡಬ್ಯಾಡ!"

ತಿರುಪತಮ್ಮನ ಕಣ್ಣು ಮಾತ್ರ ಬೇರೆ ಕಡೆ ಇತ್ತು. ಆ ತುಂಡಿನಿಂದ ಒಂದು ಎಳೆ ಸಡಿಲಾಗಿ ಜೋತು ಬಿದ್ದಿತ್ತು. ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಬೆಳೆದವಳು, ಸಡಿಲ ಎಳೆ ಕಂಡರೆ ಅವಳ ಬೆರಳು ಸುಮ್ಮನಿರುತ್ತದೆಯೇ? "ಇದೇನು ಎಳಿ ಬಿಚ್ಚೈತಿ," ಅನ್ನುತ್ತಾ ಹಿಡಿದು ಎಳೆದೇ ಬಿಟ್ಟಳು. ಎಳೆ ಬಂತು. ಬರುತ್ತಲೇ ಇತ್ತು. ಕಾಂತೇಶ "ಅಕ್ಕಾ!" ಅನ್ನುವುದರೊಳಗೆ ಅದು ಒಳಗೆಲ್ಲೋ ಪಟ್ಟನೆ ಕಡಿದುಹೋಯಿತು. ಹೆದರಿದ ತಿರುಪತಮ್ಮ ಇನ್ನೊಂದು ತುದಿಯನ್ನೂ ಎಳೆದಳು. ಅದೂ ಕಡಿದುಹೋಯಿತು.

ಕಾಂತೇಶ ಹೊಸ್ತಿಲ ಮೇಲೆ ಕುಸಿದು ಕೂತ.

"ಅಕ್ಕಾ, ನನ್ನ ಜೀವಾನೇ ಕಡದಿ. ಇವತ್ತ ಸಂಜಿಗೆ ಗದ್ವಾಲದಾಗ ನಾ ಒಬ್ಬನೇ ಬಾರಿಸಬೇಕಿತ್ತು. ಇನ್ನ ಏನ್ ಬಾರಿಸಲಿ, ತಲಿ ಬಾರಿಸ್ಕೋಬೇಕು!"

ತಿರುಪತಮ್ಮನ ಮುಖ ಸಣ್ಣದಾಯಿತು. ಒಳ್ಳೆಯ ಹೆಂಗಸು, ಅದೇ ತೊಂದರೆ. "ಅಯ್ಯೋ ದೇವುಡಾ, ಅಳಬ್ಯಾಡ ತಮ್ಮಾ. ಏನು, ಸುತ್ತಬೇಕು ಅಷ್ಟೇ ಅಲ್ಲ? ಈ ಓಣಿಯಾಗ ಸುತ್ತಾಕ ನನಗಿಂತ ಚಲೋ ಕೈ ಯಾರದೈತಿ? ಮಗ್ಗದ ಕಂಡಿಕಿಗೆ ನೂಲು ಸುತ್ತೋ ರಾಟಿ ಮ್ಯಾಲ ಇಟ್ಟು ಕುಂತ್ರ ಒಂದು ಬಾಳೆಹಣ್ಣು ತಿನ್ನೋದ್ರಾಗ ಸುತ್ತಿ ಕೊಡ್ತೀನಿ."

ಬೇರೆ ದಾರಿ ಇರಲಿಲ್ಲ. ಕಾಂತೇಶ ಒಳಗಿಟ್ಟಿದ್ದ ತಾಮ್ರದ ಎಳೆಯ ಸುರುಳಿ ತಂದು ಅವಳ ಕೈಗಿಟ್ಟ. ಎಷ್ಟು ಸುತ್ತಬೇಕು ಅಂತ ಬೆರಳಲ್ಲಿ ದಪ್ಪ ತೋರಿಸಿದ. "ಬಿಗಿಯಾಗಿ ಬ್ಯಾಡಕ್ಕಾ. ಕಡದ್ರ ಎರಡೂ ತುದಿ ಚಾಕುಲೆ ಕೆರದು ಗಂಟು ಹಾಕು. ಕೆರೀಲಿಲ್ಲಂದ್ರ ಕರೆಂಟು ಹರಿಯಂಗಿಲ್ಲ," ಅಂತ ಎರಡೆರಡು ಸಲ ಹೇಳಿದ. ಪಕ್ಕದಲ್ಲಿ ಕೂತು ಸುತ್ತಿಸಬೇಕೆಂದೇ ಅವನ ಮನಸ್ಸಿತ್ತು. ಆದರೆ ಕುರುಮಯ್ಯ ಬಿಡಬೇಕಲ್ಲ!

"ಎಣ್ಣಿ ಮಿಲ್ಲಿನ ಅಂಗಳದಾಗ ಒಂದು ಪಿಕಪ್ ನಿಂತೈತಿ, ನಾ ನೋಡೀನಿ. ಅದು ನಿಂದಲ್ಲ ಅಂತ ಅಲ್ಲಿಗೆ ಬಂದು ಹೇಳು," ಎಂದು ಅವನ ತೋಳು ಹಿಡಿದು ಎಳೆದುಕೊಂಡು ಹೋದ. ಅಂಗಳದಲ್ಲಿ ನಿಜವಾಗಿಯೂ ಒಂದು ಬಿಳಿ ಗಾಡಿ ನಿಂತಿತ್ತು. ಕಾಂತೇಶ ಅದು ತನ್ನದಲ್ಲವೆಂದು ಹೇಳುತ್ತಿರುವಾಗಲೇ ಕುರುಮಯ್ಯ ಒಂದು ಟಗರನ್ನು ಎತ್ತಿ ಒಳಗೆ ಹಾಕಿಯೂ ಆಗಿತ್ತು. ಮಿಲ್ಲಿನ ಮಾಲೀಕ ಬನಿಯನ್ನಿನಲ್ಲಿ ಓಡಿ ಬಂದ. ಟಗರು ಅವನ ಗಾಡಿಯಲ್ಲಿದ್ದ ಹಿಂಡಿಯ ಚೀಲಕ್ಕೆ ಬಾಯಿ ಹಾಕಿತ್ತು. ಬೈಗುಳೆಲ್ಲ ಬಿದ್ದದ್ದು ಯಾರಿಗೆ? ಟಗರಿನವನಿಗಲ್ಲ, ಕೈಕಟ್ಟಿ ನಿಂತಿದ್ದ ಕಾಂತೇಶನಿಗೆ. "ಸೀರಿ ಅಂಗಡಿ ಗುಮಾಸ್ತ ಆಗಿ ಇಂಥ ಕೆಲಸ ಮಾಡ್ತೀಯಲ್ಲ," ಅಂತ ಮಾಲೀಕ ಉಗಿದ. ಇದ್ಯಾವ ನ್ಯಾಯ ಹೇಳಿ!

ಅವನು ಓಣಿಗೆ ಮರಳುವಷ್ಟರಲ್ಲಿ ತಿರುಪತಮ್ಮ ಬಾಗಿಲಲ್ಲೇ ನಿಂತಿದ್ದಳು. ಅಂಗೈ ಮೇಲೆ ಪಿಕಪ್ಪು. ನುಣ್ಣಗೆ, ಸಮವಾಗಿ, ಒಂದು ಎಳೆ ಏರದೆ ಇಳಿಯದೆ ಸುತ್ತಿದ್ದಳು. ಹೊರಗಡೆ ಕೆಂಪು ತಾಮ್ರ ಫಳಫಳ ಹೊಳೆಯುತ್ತಿತ್ತು.

"ನೋಡು, ಸೀರಿಗೂ ಇಷ್ಟು ಮನಸಿಟ್ಟು ಸುತ್ತಿಲ್ಲ ನಾನು," ಅಂದಳು. ಅವಳ ಮುಖದಲ್ಲಿ ಏನೋ ಗುಟ್ಟಿನ ನಗು ಇತ್ತು. ಕಾಂತೇಶನಿಗೆ ಅದನ್ನೆಲ್ಲ ನೋಡಲು ಪುರುಸೊತ್ತೆಲ್ಲಿ? ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ, ಗಿಟಾರ್ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ. ಹಿಂದಿನಿಂದ ಉರುಕುಂದಮ್ಮಜ್ಜಿ ಕೂಗುತ್ತಿದ್ದಳು: "ನನ್ನ ಬಿಟ್ಟು ಹೊಂಟಿಯೇನೋ! ಮುಂದಿನ ಸೀಟು ಖಾಲಿ ಒಯ್ತಿಯೇನೋ!"

ಮಕ್ತಲಿನ ಬಸ್ಸಿನಲ್ಲಿ ಒಂದು ಕಾಲು ಇಡುವಷ್ಟು ಜಾಗವಿತ್ತು. ಇನ್ನೊಂದು ಕಾಲನ್ನು ಯಾರದೋ ಕಾಲಿನ ಮೇಲೆ ಇಟ್ಟುಕೊಂಡೇ ಹೋದ. ಗಿಟಾರಿನ ಕುತ್ತಿಗೆ ತಿವಿದ ಪ್ರತಿಯೊಬ್ಬರೂ ಅವನ ಮನೆತನವನ್ನು ವಿಚಾರಿಸಿಕೊಂಡರು. ಪಿಕಪ್ಪನ್ನು ಮಾತ್ರ ಅಂಗಿಯ ಒಳಗೆ, ಎದೆಗೆ ಹತ್ತಿಸಿ ಇಟ್ಟುಕೊಂಡಿದ್ದ.

ಮಕ್ತಲಿನಲ್ಲಿ ಎಂಕಪ್ಪನ ಅಂಗಡಿ ತೆರೆದಿತ್ತು, ಕರೆಂಟು ಹೋಗಿತ್ತು.

"ಹೊಸಾ ರಾಜ್ಯದ ಮೊದಲನೇ ಕರೆಂಟ್ ಕಟ್ ಕಣಪಾ, ನೆಪ್ಪಿಟ್ಕೋ," ಅಂದ ಎಂಕಪ್ಪ. ಪಕ್ಕದ ಇಸ್ತ್ರಿ ಅಂಗಡಿಯ ಕೆಂಡದಲ್ಲಿ ಬೆಸುಗೆಯ ಕಡ್ಡಿ ಕಾಯಿಸಿ ತಂದು ಎರಡೂ ತುದಿಗಳನ್ನು ಬೆಸೆದ. ಬ್ಯಾಟರಿಯ ಮೀಟರು ಹಚ್ಚಿ ನೋಡಿದ. ಮುಳ್ಳು ಆಡಿತು.

"ಕರೆಂಟು ಹರೀತೈತಿ. ಆದ್ರೂ ಮುಳ್ಳು ಯಾಕೋ ಭಾಳ ಜೋರು ಓಡ್ತಲ್ಲ. ಒಮ್ಮೆ ಸ್ಪೀಕರಿಗೆ ಹಚ್ಚಿ ನೋಡಬೇಕಿತ್ತು. ಕರೆಂಟು ಬರೋತನಕ ಕುಂದ್ರು."

"ಕುಂದ್ರಾಕ ಎಲ್ಲಿ ಹೊತ್ತೈತಿ ಎಂಕಪ್ಪಣ್ಣಾ! ಮುಳ್ಳು ಆಡಿದ್ರ ಮುಗೀತು. ಜೋರು ಆಡಿದ್ರ ಇನ್ನೂ ಚಲೋ ಆತಲ್ಲ!"

ಅವನ ಅವಸರ ಅವನದು. ಗದ್ವಾಲದ ಕಡೆ ಹೊರಟಿದ್ದ ಒಂದು ಆಟೋದ ಹಿಂದೆ ನೇತುಬಿದ್ದು ಹೊರಟ. ಜೂರಾಲದ ಕಟ್ಟೆಯ ಮೇಲೆ ಹೋಗುವಾಗ ಕೃಷ್ಣೆಯ ನೀರು ಕಂಡಿತು. ಬೇಸಿಗೆಯ ನೀರು, ತೆಳ್ಳಗೆ ಬಿದ್ದುಕೊಂಡಿತ್ತು. ಆದರೂ ಗಾಳಿಗೆ ಸಣ್ಣ ಸಣ್ಣ ತೆರೆ ಏಳುತ್ತಿದ್ದವು. ಕಾಂತೇಶ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತಾ ತನ್ನ ಅಲೆಯನ್ನು ಮನಸ್ಸಿನಲ್ಲೇ ಬಾರಿಸಿದ. ಬೆಳಗಿನ ಟಗರು, ಬೈಗುಳ ಎಲ್ಲ ಮರೆತುಹೋಯಿತು.

ಗದ್ವಾಲದ ಕೋಟೆಯ ಮುಂದೆ ಜನವೋ ಜನ. ಸಾಯಣ್ಣ ಕೈಯಲ್ಲಿ ಮೈಕು ಹಿಡಿದು ಬೆವರುತ್ತಿದ್ದ.

"ಬಂದ್ಯಾ? ಏನಂತ ಅನೌನ್ಸ್ ಮಾಡ್ಲಿ, ಹೇಳು ಲಗೂನ."

"ಸಮುದ್ರದ ಅಲೆಯ ಸಂಗೀತ ಅಂತ ಹೇಳಣ್ಣಾ."

ಸಾಯಣ್ಣ ಮೈಕಿಗೆ ಕೈ ಅಡ್ಡ ಹಿಡಿದ. "ಹುಚ್ಚ ಹಿಡದೈತೇನು ನಿನಗ? ಇವತ್ತ ಬೆಳಿಗ್ಗೀಗಷ್ಟೇ ಹಳೇ ರಾಜ್ಯ ಎರಡು ಪಾಲು ಆಗೈತಿ! ಸಮುದ್ರ ಪೂರಾ ಅವರ ಕಡೆ ಹೋತು. ನಮ್ಮ ಪಾಲಿಗೆ ಒಂದು ಬೊಗಸಿ ಉಪ್ಪುನೀರೂ ಬಂದಿಲ್ಲ. ಹೊಸಾ ರಾಜ್ಯದ ಮೊದಲನೇ ದಿನಾನೇ ಅವರ ಸಮುದ್ರಾನ ನಮ್ಮ ಸ್ಟೇಜಿನ ಮ್ಯಾಲ ಬಾರಿಸ್ತೀಯಾ? ಜನ ನನ್ನ ಕುರ್ಚಿ ಮುರೀತಾರ!"

"ಅಣ್ಣಾ, ಅದು ಯಾವ ಕಡೀ ಸಮುದ್ರಾನೂ ಅಲ್ಲ, ಅದು ಸಂಗೀತ!" ಕಾಂತೇಶನಿಗೆ ಸಿಟ್ಟು ನೆತ್ತಿಗೇರಿತು. "ಸಮುದ್ರಕ್ಕೂ ಪಾಲು ಮಾಡ್ತೀರೇನ್ರಿ? ನಾ ಹುಟ್ಟಿದಾಗಿಂದ ಸಮುದ್ರಾನೇ ನೋಡಿಲ್ಲ, ಅದರ ಅಲೀನೂ ಬಾರಿಸಬಾರದೇನು?"

"ಜೂರಾಲದ ಅಲಿ ಅಂತೀನಿ. ಬೇಕಾದ್ರ ಹತ್ತು, ಬ್ಯಾಡಾದ್ರ ಕುರ್ಚಿ ಎತ್ತಿಡಾಕ ಹೋಗು."

ಹತ್ತಿದ. ಜೂರಾಲವಾದರೆ ಜೂರಾಲ, ಅಲೆ ಅಲೆಯೇ. ಪಿಕಪ್ಪನ್ನು ಗಿಟಾರಿನಲ್ಲಿ ಕೂರಿಸಿ, ಸ್ಕ್ರೂ ಬಿಗಿದು, ವೈರು ಚುಚ್ಚಿ, ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದ. ಎದುರಿಗೆ ಗದ್ವಾಲವೇ ಕೂತಿತ್ತು. ಕಾಂತೇಶ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಇಷ್ಟು ವರ್ಷ ಕಾಯ್ದಿಟ್ಟ ಮೊದಲ ಪೆಟ್ಟು ಹಾಕಿದ.

ಸ್ಪೀಕರಿನಿಂದ ಏನೂ ಬರಲಿಲ್ಲ.

ಇನ್ನೊಂದು ಪೆಟ್ಟು ಹಾಕಿದ. ವೈರು ಅಲುಗಿಸಿದ. ಇನ್ನೂ ಜೋರಾಗಿ ಬಾರಿಸಿದ. ಹಲಗೆಯ ಮೇಲೆ ತಂತಿ ತಾನೇ ಸಣ್ಣಗೆ, ಸೊಳ್ಳೆ ಹಾಡಿದಷ್ಟು ನುಡಿಯಿತು. ಅದು ಕಾಂತೇಶನೊಬ್ಬನಿಗೆ ಬಿಟ್ಟು ಯಾರಿಗೂ ಕೇಳುವಂತಿರಲಿಲ್ಲ. ತಲೆ ಎತ್ತುವ ಧೈರ್ಯವಾಗಲಿಲ್ಲ. ಕೈ ನಿಲ್ಲಿಸಿದರೆ ನಗು ಶುರುವಾಗುತ್ತದೆ ಅಂತ ಹೆದರಿ ಬಾರಿಸುತ್ತಲೇ ಇದ್ದ. ಮುಂದಿನ ಸಾಲಿನಲ್ಲಿ ಪಿಸುಪಿಸು ಶುರುವಾಯಿತು. ಒಬ್ಬ ಸಿಳ್ಳೆ ಹಾಕಲು ಬಾಯಿಗೆ ಬೆರಳು ಒಯ್ದ.

ಸಾಯಣ್ಣ ಟೆಂಟಿನ ವ್ಯಾಪಾರದಲ್ಲಿ ತಲೆ ನೆರೆಸಿಕೊಂಡವನು. ಗಾಳಿಗೆ ಶಾಮಿಯಾನ ಹಾರುವುದಕ್ಕೆ ಮೊದಲೇ ಗೂಟ ಹಿಡಿದುಕೊಳ್ಳುವ ಬುದ್ಧಿ ಅವನದು. ಒಂದೇ ನೆಗೆತಕ್ಕೆ ಮೈಕಿನ ಮುಂದೆ ಬಂದು ದನಿ ಗದ್ಗದ ಮಾಡಿಕೊಂಡ.

"ಅಮರವೀರುಲಕು ಜೋಹಾರ್! ರಾಜ್ಯಕ್ಕಾಗಿ ಜೀವ ಕೊಟ್ಟ ನಮ್ಮ ಮಕ್ಕಳ ನೆನಪಿಗೆ ಈ ಕಲಾವಿದರು ಸದ್ದಿಲ್ಲದ ಗಿಟಾರ್ ಬಾರಿಸ್ತಾ ಇದಾರ. ಎಲ್ಲಾರೂ ಎದ್ದು ನಿಂದರ್ರಿ. ಮೌನ!"

ಬಯಲಿಗೆ ಬಯಲೇ ಎದ್ದು ನಿಂತಿತು. ಸಿಳ್ಳೆ ಹಾಕಲು ಹೊರಟವನು ಅದೇ ಕೈಯಿಂದ ಟೊಪ್ಪಿಗೆ ತೆಗೆದ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಕಾಂತೇಶ ತನ್ನ ಅಲೆಯನ್ನು ಮೊದಲಿನಿಂದ ಕೊನೆಯತನಕ ಬಾರಿಸಿದ. ಒಂದು ಸ್ವರ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಬಾರಿಸಿರಲಿಲ್ಲ. ಜನ ಗದ್ದಲ ಮಾಡದೆ ಎದ್ದು ನಿಂತು ಕೇಳಬೇಕೆಂದು ದೇವರನ್ನು ಕೇಳಿಕೊಂಡಿದ್ದನಲ್ಲ, ದೇವರು ಅಕ್ಷರ ತಪ್ಪದೆ ಅಷ್ಟನ್ನೇ ಕೊಟ್ಟಿದ್ದ. ಕಾಂತೇಶನ ಕಣ್ಣಿಂದ ದಳದಳ ನೀರು ಸುರಿಯಿತು. ಅದನ್ನು ನೋಡಿ ಜನ ಇನ್ನಷ್ಟು ಅತ್ತರು.

ಸ್ಟೇಜಿನ ಹಿಂದೆ ಸಾಯಣ್ಣ ಅವನನ್ನು ಬಿಗಿಯಾಗಿ ತಬ್ಬಿಕೊಂಡ. "ಏನು ಬಾರಿಸಿದೆಲೇ! ಮಕ್ತಲದವರು ಬರೋ ವಾರ ಇದೇ ಬೇಕಂತಾರ. ಆ ಪಿಕಪ್ ಅಂತೀಯಲ್ಲ, ಅದನ್ನ ಮುಟ್ಟಬ್ಯಾಡ. ರಿಪೇರಿ ಗಿಪೇರಿ ಮಾಡಿಸಿದ್ರ ನೋಡು ಮತ್ತ!"

ಕಾಂತೇಶ ಸ್ಕ್ರೂ ಬಿಚ್ಚಿದ. ತುದಿ ಹಿಡಿದು ಎಳೆದ. ಮೇಲಿನ ಒಂದು ಪದರ ತಾಮ್ರ ಬಿಚ್ಚಿತು. ಅದರ ಕೆಳಗೆ ಅಯಸ್ಕಾಂತದವರೆಗೂ ಬಂಗಾರದ ಬಣ್ಣ ಹೊಳೆಯಿತು. ಜರಿ! ಸೀರೆಯ ಅಂಚಿಗೆ ಹಾಕುವ ಜರಿ! ತಾಮ್ರದ ಎಳೆಯ ಮೇಲೆ ಕಣ್ಣಿಗೆ ಕಾಣದ ಅರಗಿನ ಲೇಪ ಇರುತ್ತದೆ. ಒಂದು ಸುತ್ತಿಗೆ ಇನ್ನೊಂದು ಸುತ್ತು ತಾಗುವುದಿಲ್ಲ. ಜರಿಗೆಲ್ಲಿಯ ಲೇಪ? ಸುತ್ತೆಲ್ಲ ಒಂದಕ್ಕೊಂದು ತಾಗಿ ಸಾವಿರಾರು ಸುತ್ತು ಒಂದೇ ಮುದ್ದೆಯಾಗಿತ್ತು. ಮುದ್ದೆಯಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ದನಿ ಮಾತ್ರ ಹುಟ್ಟುವುದಿಲ್ಲ. ಎಂಕಪ್ಪನ ಮುಳ್ಳು ಜೋರಾಗಿ ಓಡದೆ ಏನು ಮಾಡೀತು?

"ತಿರುಪತಮ್ಮಾ!" ಅಂತ ಅವನು ಹಲ್ಲು ಕಡಿದ ಸದ್ದು ಮಾತ್ರ ಅವತ್ತು ಆ ಸ್ಟೇಜಿನ ಹತ್ತಿರ ಸ್ಪಷ್ಟವಾಗಿ ಕೇಳಿಸಿತು.

ಬಸ್ಸಿರಲಿಲ್ಲ. ಸಾಯಣ್ಣನೇ ಏರ್ಪಾಡು ಮಾಡಿದ. ಮರುದಿನ ನಾರಾಯಣಪೇಟೆಯಲ್ಲಿ ಇನ್ನೊಂದು ಫಂಕ್ಷನ್ನಿಗೆ ಅವನ ಗಾಡಿ ಕುರ್ಚಿ ಹೇರಿಕೊಂಡು ಹೊರಟಿತ್ತು. "ಕಲಾವಿದರನ್ನ ಮುಂದ ಕುಂದ್ರಿಸ್ಕೊಂಡು ಮನೀ ಮುಂದೇ ಇಳಿಸಿ ಬಾ," ಅಂತ ಡ್ರೈವರಿಗೆ ತಾಕೀತು ಮಾಡಿದ. ದಾರಿಯುದ್ದಕ್ಕೂ ಕಾಂತೇಶ ತಿರುಪತಮ್ಮನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. ಇವತ್ತು ಬಿಡುವುದಿಲ್ಲ. ಅಕ್ಕ ಅನ್ನುವುದಿಲ್ಲ, ಚಿಕ್ಕಮ್ಮ ಅನ್ನುವುದಿಲ್ಲ. ಓಣಿಯೇ ಎದ್ದು ನಿಂತು ಕೇಳಬೇಕು, ಹಾಗೆ ಬೈಯುತ್ತೇನೆ. ತಾನು ಎಂಥ ಗಾಡಿಯಲ್ಲಿ ಕೂತಿದ್ದೇನೆ ಅಂತ ಅವನಿಗೆ ಹೊಳೆಯಲೇ ಇಲ್ಲ.

ರಾತ್ರಿ ಊಟದ ಹೊತ್ತಿಗೆ ಗಾಡಿ ಬೇವಿನ ಕಟ್ಟೆಯ ಮುಂದಿನ ಬೀದಿದೀಪದ ಕೆಳಗೆ ಗಕ್ಕನೆ ನಿಂತಿತು. ಕಟ್ಟೆಯ ಮೇಲೆ ಓಣಿಯವರೆಲ್ಲ ಕೂತಿದ್ದರು. ತಿರುಪತಮ್ಮನ ಪಕ್ಕದಲ್ಲಿ ಸೀರೆಯ ಗಂಟು ಹಾಗೇ ಇತ್ತು. ಕುರುಮಯ್ಯನ ಟಗರುಗಳು ಬೇವಿನ ಎಲೆ ತಿನ್ನುತ್ತಿದ್ದವು. ಅವರಿಗೂ ಇವನಿಗೂ ನಡುವೆ ನಾಲ್ಕು ಗಾಲಿಯ, ಹಿಂದೆ ಬಯಲಾದ, ಬಿಳಿ ಬಣ್ಣದ, ಹೊಚ್ಚ ಹೊಸ ಪಿಕಪ್ ನಿಂತಿತ್ತು.

ಕಾಂತೇಶ ಮುಂದಿನ ಸೀಟಿನಿಂದ ಇಳಿದ. ನೆಲಕ್ಕೆ ಕಾಲಿಟ್ಟ ಮೇಲೆ ಅವನಿಗೆ ಹೊಳೆಯಿತು.

"ಇದು..." ಅಂದ.

ಅಷ್ಟರಲ್ಲಿ ಡ್ರೈವರು ಕಿಟಕಿಯಿಂದ ತಲೆ ಹಾಕಿ ಕೂಗಿದ.

"ಅಣ್ಣೋರೆ, ಮರೀಬ್ಯಾಡ್ರಿ ಮತ್ತ! ಆ ಪಿಕಪ್ ಯಾರ ಕೈಗೂ ಕೊಡಬ್ಯಾಡ್ರಿ, ಬದಲಿ ಮಾಡಬ್ಯಾಡ್ರಿ! ಬರೋ ವಾರ ಮಕ್ತಲಕ್ಕ ಅದನ್ನೇ ತರಬೇಕಂತ ಸಾಯಣ್ಣ ಖಡಕ್ ಹೇಳ್ಯಾನ! ನಾ ಕುರ್ಚಿ ಇಳಿಸಾಕ ಹೊಂಟೀನ್ರೀ!"

ಗಾಡಿ ಧೂಳೆಬ್ಬಿಸಿ ಹೋಯಿತು. ಮೊದಲು ಬಾಯಿ ಬಿಟ್ಟವಳು ಉರುಕುಂದಮ್ಮಜ್ಜಿ.

"ಮುಂದಿನ ಸೀಟಿನಾಗ ಒಬ್ಬನೇ ಕುಂತು ಬಂದಾನ! ನನ್ನ ಮರಿಮಗನ ತೊಟ್ಟಿಲು ತಪ್ಪಿಸಿದ್ಯಲ್ಲೋ!"

"ಡ್ರೈವರನ್ನ ಬ್ಯಾರೆ ಇಟ್ಕೊಂಡಾನ," ಅಂದ ಕುರುಮಯ್ಯ. ಎರಡೂ ಟಗರುಗಳನ್ನು ಎಳೆದು ತಂದು ಕಾಂತೇಶನ ಮನೆಯ ಕಿಟಕಿಗೆ ಕಟ್ಟಿದ. "ಬರೋ ವಾರ ಮಕ್ತಲಕ್ಕ ಹೊಂಟೀಯಂತಲ್ಲ. ಅಲ್ಲೀತನಕ ಇಲ್ಲೇ ಇರ್ಲಿ ಇವು. ಮೇವು ನಿಂದೇ."

ತಿರುಪತಮ್ಮ ಎದ್ದು ಅವನ ಮುಂದೆ ಬಂದು ನಿಂತಳು. ಅವಳ ಕಣ್ಣು ತುಂಬಿದ್ದವು.

"ನನ್ನ ಗಂಟು ಒಯ್ಯಾಕ ನಿನಗ ಜಾಗ ಇರಲಿಲ್ಲ. ನಾ ಏನ್ ಮಾಡೀನಿ ಗೊತ್ತೈತಾ? ನಿನ್ನ ಆ ದರಿದ್ರ ಕೆಂಪು ಎಳಿ ಕಡೀತಾನೇ ಇತ್ತು. ದೊಡ್ಡ ಜನದ ಮುಂದ ಬಾರಿಸಾಕ ಹೊಂಟಾನ, ನಮ್ಮ ಓಣಿ ಹುಡುಗ, ಕಳೀ ಇರಬೇಕು ಅಂತ ಗದ್ವಾಲ ಸೀರೀದು ಖರೇ ಜರಿ ತಗದು ಸುತ್ತೀನಿ. ನೀ ಸಂಕೋಚ ಮಾಡ್ಕೋತೀಯಂತ ಮ್ಯಾಲ ಒಂದು ಪದರ ನಿನ್ನ ಎಳೀನೇ ಇಟ್ಟು ಮುಚ್ಚೀನಿ. ತುದಿ ಸೈತ ನೀ ಹೇಳಿದಂಗ ಕೆರದು ಗಂಟು ಹಾಕೀನಿ. ನಾ ನಿನಗ ಜರಿ ಕೊಟ್ಟೆ, ನೀ ನನಗ ಏನ್ ಕೊಟ್ಟಿ? ಸುಳ್ಳು!"

ಓಣಿಯವರೆಲ್ಲ ತಿರುಪತಮ್ಮನ ದೊಡ್ಡ ಮನಸ್ಸಿಗೆ ಲೊಚಗುಟ್ಟಿದರು, ಕಾಂತೇಶನ ಕಡೆ ನೋಡಿ ಛೀ ಅಂದರು. ಗದ್ವಾಲದಿಂದ ಜೋಡಿಸಿಕೊಂಡು ಬಂದ ಬೈಗುಳೆಲ್ಲ ದಂಡವಾದವು. ಅವನು ಕೊನೆಯ ಆಸೆಯಿಂದ ತನ್ನ ಮನೆಯ ಬಾಗಿಲ ಕಡೆ ತಿರುಗಿದ. ಬೆಳಿಗ್ಗೆ ಆ ಪಿಕಪ್ಪನ್ನು ಕಣ್ಣಾರೆ ಕಂಡವಳು, ದಿನವಿಡೀ ಓಣಿಯ ಜೊತೆ ಅವನ ಪರವಾಗಿ ಜಗಳಾಡಿದವಳು ಭಾಗ್ಯಜ್ಯೋತಿ ಅಲ್ಲಿ ನಿಂತಿದ್ದಳು. ಗಾಡಿ ಹೋದ ದಾರಿಯನ್ನೇ ನೋಡುತ್ತಿದ್ದಳು.

"ಬಸವಣ್ಣನ ಆಣಿ ಮಾಡಿದೆನಲ್ರೀ ನಾನು, ಇಡೀ ಓಣಿ ಮುಂದ," ಅಂದಳು ಸಣ್ಣ ದನಿಯಲ್ಲಿ. "ಗಾಡಿ ತಗೊಂಡೀನಂತ ನನಗಾದ್ರೂ ಒಂದು ಮಾತು ಹೇಳಬಾರದೇನ್ರೀ?"

ಕಾಂತೇಶ ಬಾಯಿ ತೆರೆದ. ಆ ಸಂಜೆ ಗಿಟಾರಿನಿಂದ ಬಂದಷ್ಟೇ ಸದ್ದು ಅದರಿಂದಲೂ ಬಂತು.